ಒಂದು ತೊಟ್ಟು ರಕ್ತ ಮತ್ತು ಖಲೀಫನ ನಮಾಝ್

ನಮಾಝಿಗೆ ಮುಂಚೆ ಮುಖ, ಕೈ, ಕಾಲು ತೊಳೆದು ತಲೆ ಸವರಿಕೊಳ್ಳುವುದಕ್ಕೆ ವುಝೂ ಅನ್ನುತ್ತಾರೆ, ಕನ್ನಡದಲ್ಲಿ ಅಂಗಸ್ನಾನ. ಮಲ, ಮೂತ್ರಕ್ಕೆ ಹೋದರೆ, ಗಾಳಿ ಬಿಟ್ಟರೆ, ಪ್ರಜ್ಞೆ ತಪ್ಪಿದರೆ ವುಝೂ ಮುರಿಯುತ್ತದೆ. ಇದರಲ್ಲಿ ತಕರಾರಿಲ್ಲ. ತಕರಾರು ಶುರುವಾಗುವುದು ಇದರ ಆಚೆಗೆ.

ಇರಾಕಿನ ಕೂಫಾ ಊರಿನ ಇಮಾಮ್ ಅಬೂ ಹನೀಫಾ ತೀರಿಕೊಂಡದ್ದು 767ರಲ್ಲಿ. ಇಮಾಮ್ ಶಾಫಿಈ ಹುಟ್ಟಿದ್ದೂ ಅದೇ ವರ್ಷ. ಗಾಯದಿಂದ ರಕ್ತ ಹೊರಬಂದು ಹರಿದರೆ ವುಝೂ ಹೋಯಿತು ಅನ್ನುವುದು ಹನಫಿ ಮತ. ನಮಾಝಿನ ನಡುವೆ ಗಟ್ಟಿಯಾಗಿ ನಕ್ಕರೂ ಅವರಲ್ಲಿ ವುಝೂ ಹೋಗುತ್ತದೆ! ಶಾಫಿಈಗಳಿಗೆ ಇವೆರಡೂ ಲೆಕ್ಕಕ್ಕಿಲ್ಲ. ಆದರೆ ಗಂಡ ಹೆಂಡತಿಯ ಚರ್ಮ ಒಂದಕ್ಕೊಂದು ತಾಗಿದರೂ ಅವರ ಪ್ರಕಾರ ಮತ್ತೆ ವುಝೂ ಮಾಡಬೇಕು. ಹನಫಿಗಳು ಬೇಕಿಲ್ಲ ಅನ್ನುತ್ತಾರೆ.

ಈ ಜಗಳ ಕುರ್‌ಆನಿನ ಒಂದು ಪದದ್ದು. ಅದರ ನೇರ ಅರ್ಥ 'ಮುಟ್ಟು'. ಪ್ರವಾದಿಯವರ ಸಂಗಾತಿ ಇಬ್ನ್ ಉಮರ್ ಅದನ್ನು ಮುಟ್ಟುವುದು ಎಂದೇ ತಿಳಿದರು. ಇಬ್ನ್ ಅಬ್ಬಾಸ್ ಮಾತ್ರ, ಇದು ದಾಂಪತ್ಯದ ಕೂಟವನ್ನು ಮರ್ಯಾದೆಯಿಂದ ಹೇಳಿದ ಮಾತು ಅಂದರು. ನಮ್ಮಲ್ಲೂ 'ಕೂಡಿದರು' ಅಂದರೆ ಸಭೆಗೆ ಸೇರಿದ್ದೂ ಆಗಬಹುದು, ಬೇರೆಯದೂ ಆಗಬಹುದು, ಅಲ್ಲವೇ? ಇಬ್ಬರೂ ದೊಡ್ಡ ವಿದ್ವಾಂಸರೇ.

ಹಾಗಾದರೆ ಒಬ್ಬರ ಲೆಕ್ಕದಲ್ಲಿ ವುಝೂ ಇಲ್ಲದವನ ಹಿಂದೆ ಇನ್ನೊಬ್ಬರು ನಮಾಝ್ ಮಾಡಬಹುದೇ? ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಇದು.

ಖಲೀಫ ಹಾರೂನ್ ರಶೀದ್ ಹಿಜಾಮ ಮಾಡಿಸಿಕೊಂಡಿದ್ದ, ಅಂದರೆ ಚರ್ಮದ ಮೇಲೆ ಬಟ್ಟಲು ಇಡಿಸಿ ರಕ್ತ ತೆಗೆಸಿದ್ದ. ಮದೀನಾದ ಇಮಾಮ್ ಮಾಲಿಕ್ ಅಭಿಪ್ರಾಯದಂತೆ ವುಝೂ ಮಾಡದೆಯೇ ನಮಾಝಿಗೆ ನಿಂತ. ಹಿಂದಿನ ಸಾಲಿನಲ್ಲಿದ್ದವರು ಅವನದೇ ಮುಖ್ಯ ನ್ಯಾಯಾಧೀಶ ಅಬೂ ಯೂಸುಫ್, ಅಬೂ ಹನೀಫಾರ ಶಿಷ್ಯ. ಅವರು ಸುಮ್ಮನೆ ನಮಾಝ್ ಮಾಡಿದರು, ಆಮೇಲೆ ಮತ್ತೊಮ್ಮೆ ಮಾಡಲಿಲ್ಲ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಅರಸನ ಹೆದರಿಕೆ ಅನ್ನೋಣವೇ? ಅರಮನೆಯ ಹಂಗಿಲ್ಲದ ಇಮಾಮ್ ಅಹ್ಮದ್ ಬಿನ್ ಹಂಬಲ್ ಕೂಡ, ರಕ್ತ ಬಂದರೆ ವುಝೂ ಹೋಗುತ್ತದೆ ಎನ್ನುತ್ತಿದ್ದರೂ, ಮಾಲಿಕರಂಥವರ ಹಿಂದೆ ನಿಲ್ಲದಿರುವುದು ಹೇಗೆ ಎಂದು ಕೇಳಿದರಂತೆ.

ಮುಂದಿನವರಿಗೆ ಇಷ್ಟು ಉದಾರತೆ ಉಳಿಯಲಿಲ್ಲ. 1183ರಲ್ಲಿ ಮಕ್ಕಾ ತಲುಪಿದ ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್ ಕಂಡದ್ದು ಒಂದೇ ಕಾಬಾದ ಎದುರು ಪಂಗಡಕ್ಕೊಬ್ಬ ಇಮಾಮ್. ಸಂಜೆಯ ನಮಾಝಿಗೆ ಹೊತ್ತು ಕಡಿಮೆ, ಎಲ್ಲರೂ ಒಟ್ಟಿಗೇ ಶುರು ಮಾಡುತ್ತಿದ್ದರು. ಯಾರದೋ ಕೂಗಿಗೆ ಇನ್ಯಾರೋ ಬಾಗುವ ಗೊಂದಲ! ಈ ಬೇರೆ ಬೇರೆ ಸಾಲುಗಳು ಕೊನೆಗೊಂಡದ್ದು 1920ರ ದಶಕದಲ್ಲಿ, ಮಕ್ಕಾ ಸೌದಿ ಆಳ್ವಿಕೆಗೆ ಬಂದ ಮೇಲೆ.

ನಮ್ಮ ಕರಾವಳಿಗೆ ಇಸ್ಲಾಂ ಬಂದದ್ದು ಅರಬ್ ವ್ಯಾಪಾರಿಗಳ ಹಡಗಿನಲ್ಲಿ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಇಲ್ಲಿನವರು ಶಾಫಿಈಗಳು ಎಂದು ಬರೆದಿದ್ದಾನೆ. ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು ಹೆಚ್ಚಾಗಿ ಇಂದಿಗೂ ಶಾಫಿಈಗಳೇ. ಘಟ್ಟದ ಮೇಲೆ ಹೆಚ್ಚಿನವರು ಹನಫಿಗಳು.

ಹಜ್ಜಿನಲ್ಲಿ ಕಾಬಾ ಸುತ್ತುವಾಗ ಶಾಫಿಈಗಳಿಗೆ ಕಷ್ಟ. ಲಕ್ಷಾಂತರ ಗಂಡಸರು, ಹೆಂಗಸರ ನೂಕುನುಗ್ಗಲು, ಕೈಗೆ ಕೈ ತಾಗದೆ ಏಳು ಸುತ್ತು ಮುಗಿಯುವುದುಂಟೇ? ಅದಕ್ಕೇ ಅನೇಕ ಶಾಫಿಈ ವಿದ್ವಾಂಸರು ಅಲ್ಲಿ ಹನಫಿ ಮತ ಹಿಡಿಯಬಹುದು ಅನ್ನುತ್ತಾರೆ. ಆದರೆ ಹಾಗೆ ಹಿಡಿಯುವವರು ವುಝೂವನ್ನೂ ಹನಫಿ ಕ್ರಮದಲ್ಲೇ ಮಾಡಿಕೊಂಡು ಹೊರಡಬೇಕು.