ಕಳಚಿಬಿದ್ದ ತಂತಿಯ ತುದಿ

ಸವೆದ ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವಾಗ ಒಂದು ಕಡೆ ಗುಳ್ಳೆ ಏಳುವುದನ್ನು ನೀವು ನೋಡಿರಬಹುದು. ಇನ್ನೂ ನಾಲ್ಕು ಸಲ ಪಂಪು ಒತ್ತಿದರೆ ಒಡೆಯುವುದು ಆ ಗುಳ್ಳೆಯೇ. ಟ್ಯೂಬಿನೊಳಗೆ ಎಲ್ಲೆಡೆ ಒತ್ತಡ ಒಂದೇ ಆಗಿರುವಾಗ ಗುಳ್ಳೆಗೆ ಮಾತ್ರ ಏಕೆ ಈ ಗತಿ? ಗೋಳಾಕಾರದ ತೆಳು ಪೊರೆಯ ಮೇಲಿನ ಎಳೆತವು ಒಳಗಿನ ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧದ ಅರ್ಧದಷ್ಟಿರುತ್ತದೆ. ಇದು ಲಾಪ್ಲಾಸ್‌ನ ನಿಯಮ. ಒತ್ತಡ ಬದಲಾಗದಿದ್ದರೂ ತ್ರಿಜ್ಯ 1 ಮಿ.ಮೀ.ನಿಂದ 5 ಮಿ.ಮೀ.ಗೆ ಏರಿದರೆ ಎಳೆತ ಐದು ಪಟ್ಟಾಗುತ್ತದೆ. ಅದೇ ಹೊತ್ತಿಗೆ ಪೊರೆ ತೆಳುವಾಗುತ್ತಲೂ ಹೋಗುತ್ತದೆ.

ನಮ್ಮ ಮಿದುಳಿನ ಬುಡದಲ್ಲಿ ಧಮನಿಗಳು ಕವಲೊಡೆಯುವ ಸ್ಥಳಗಳಲ್ಲೂ ಇಂಥ ಗುಳ್ಳೆಗಳು ಮೂಡುವುದುಂಟು. ಇವುಗಳಿಗೆ ಅನ್ಯೂರಿಸಂ ಎಂದು ಹೆಸರು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇವು ಇರುತ್ತವೆ. ಬಹುಪಾಲು ಜೀವಮಾನವಿಡೀ ಒಡೆಯದೆ ಸುಮ್ಮನಿರುತ್ತವೆ. ಒಡೆದರೆ ಮಾತ್ರ ರಕ್ತವು ಮಿದುಳಿನ ಸುತ್ತ ಹರಡಿ ಪ್ರಾಣಕ್ಕೇ ಸಂಚಕಾರ. ಬದುಕುಳಿದವರಿಗೂ ಗುಳ್ಳೆ ಮತ್ತೆ ಒಡೆಯುವ ಅಪಾಯ ತಪ್ಪಿದ್ದಲ್ಲ. ಧಮನಿಯಲ್ಲಿ ರಕ್ತದ ಹರಿವನ್ನು ನಿಲ್ಲಿಸದೆ ಗುಳ್ಳೆಯನ್ನು ಮಾತ್ರ ಮುಚ್ಚುವುದು ಹೇಗೆ? ಇದು ವೈದ್ಯರನ್ನು ಬಹುಕಾಲ ಕಾಡಿದ ಪ್ರಶ್ನೆ.

1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಮಿದುಳಿನ ಧಮನಿಗಳನ್ನು ಎಕ್ಸ್-ಕಿರಣಗಳಿಂದ ಚಿತ್ರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಬದುಕಿರುವವರಲ್ಲಿ ಗುಳ್ಳೆಯನ್ನು ನೋಡುವುದು ಸಾಧ್ಯವಾಯಿತು. ಹತ್ತು ವರ್ಷಗಳ ಬಳಿಕ, 1937ರ ಮಾರ್ಚ್ 23ರಂದು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ರೋಗಿಯೊಬ್ಬನ ತಲೆಬುರುಡೆ ತೆರೆದು ಗುಳ್ಳೆಯ ಕೊರಳಿಗೆ ಬೆಳ್ಳಿಯ ಕ್ಲಿಪ್ ಹಾಕಿದ. ರೋಗಿ ಚೇತರಿಸಿಕೊಂಡ. ಮುಂದಿನ ಅರ್ಧ ಶತಮಾನ ಇದೇ ರಾಜಮಾರ್ಗವಾಯಿತು. ಆದರೆ ಗುಳ್ಳೆ ಆಳದಲ್ಲಿದ್ದರೆ, ರೋಗಿ ನಿತ್ರಾಣನಾಗಿದ್ದರೆ ಬುರುಡೆ ತೆರೆಯುವುದೇ ಗಂಡಾಂತರ.

ಹೊರಗಿನಿಂದ ಕಟ್ಟುವ ಬದಲು ಒಳಗಿನಿಂದಲೇ ತುಂಬಿದರೆ? ಗುಳ್ಳೆಯೊಳಗಿನ ರಕ್ತ ಹೆಪ್ಪುಗಟ್ಟಿದರೆ ಅದು ತಾನಾಗಿ ಮುಚ್ಚಿಹೋಗುತ್ತದಲ್ಲ! 1941ರಲ್ಲಿ ಅಮೆರಿಕದ ವರ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿ ಇಂದು ಓದಿದರೂ ಮೈ ನಡುಗಿಸುತ್ತದೆ. ಅವರು ಹುಡುಗಿಯೊಬ್ಬಳ ಕಣ್ಣುಗುಳಿಯ ಮೂಲಕ ಸುಮಾರು 9 ಮೀಟರ್ ಬೆಳ್ಳಿತಂತಿಯನ್ನು ಗುಳ್ಳೆಯೊಳಗೆ ತೂರಿಸಿ, ವಿದ್ಯುತ್ತಿನಿಂದ ಅದನ್ನು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ್ದರು. 1960ರ ದಶಕದಲ್ಲಿ ಷಿಕಾಗೋದ ಷಾನ್ ಮಲನ್ ಗುಳ್ಳೆಗೆ ಸೂಜಿ ಚುಚ್ಚಿ ವಿದ್ಯುತ್ ಹರಿಸಿ ರಕ್ತ ಹೆಪ್ಪುಗಟ್ಟಿಸಲು ಯತ್ನಿಸಿದ. ರಕ್ತಕಣಗಳ ಮೇಲ್ಮೈಯಲ್ಲಿ ಋಣ ಆವೇಶವಿರುವುದರಿಂದ ಧನ ವಿದ್ಯುದಗ್ರ ಅವನ್ನು ಸೆಳೆಯುತ್ತದೆ ಎಂಬುದು ಈ ವಿಧಾನದ ಹಿಂದಿನ ಎಣಿಕೆ. ಈ ಎಣಿಕೆಯನ್ನು ನೆನಪಿಟ್ಟುಕೊಳ್ಳಿ.

ಬುರುಡೆಗೆ ಕೈಹಚ್ಚದೆ ಧಮನಿಯ ದಾರಿಯಲ್ಲೇ ಮಿದುಳಿಗೆ ಹೋಗಬಹುದೆಂದು ದೊಡ್ಡ ಪ್ರಮಾಣದಲ್ಲಿ ತೋರಿಸಿದವನು ಮಾಸ್ಕೋದ ಫ್ಯೋದರ್ ಸೆರ್ಬಿನೆಂಕೊ. ಮೇ ದಿನದ ಆಚರಣೆಯಲ್ಲಿ ಮಕ್ಕಳು ದಾರ ಹಿಡಿದು ಬಲೂನು ಆಡಿಸುವುದನ್ನು ಕಂಡು ಆತನಿಗೆ ಈ ಉಪಾಯ ಹೊಳೆಯಿತೆಂಬ ಕಥೆ ಪ್ರಸಿದ್ಧ. ತೆಳು ನಳಿಕೆಯ ತುದಿಗೆ ಪುಟ್ಟ ಬಲೂನು ಕಟ್ಟಿ, ರಕ್ತದ ಹರಿವೇ ಅದನ್ನು ಒಯ್ಯುವಂತೆ ಮಾಡಿ, ಬೇಕಾದಲ್ಲಿ ಉಬ್ಬಿಸಿ ಬಿಡುವುದು. 1974ರಲ್ಲಿ ಆತನ ಲೇಖನ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾದಾಗ ಪಶ್ಚಿಮದ ವೈದ್ಯರು ಬೆರಗಾದರು. ಆದರೆ ಬಲೂನಿಗೆ ತನ್ನದೇ ಆಕಾರವಿದೆ. ಗುಳ್ಳೆಯ ಆಕಾರ ಬೇರೆ. ಹೊಂದದ ಬಲೂನು ಗುಳ್ಳೆಯ ಗೋಡೆಯನ್ನು ಒತ್ತಿ ಒಡೆಯಿಸುವ ಭಯವೂ ಇತ್ತು. 1988ರಲ್ಲಿ ನ್ಯೂಯಾರ್ಕಿನ ಸಾದೆಕ್ ಹಿಲಾಲ್ ಪ್ಲಾಟಿನಂ ಸುರುಳಿಗಳನ್ನು ಗುಳ್ಳೆಯೊಳಗೆ ನೂಕಿ ನೋಡಿದ. ವಸ್ತುವೇನೋ ಸರಿ, ಆದರೆ ನೂಕಿದ ಸುರುಳಿ ಬಿಟ್ಟ ಬಾಣ, ಹಿಂದಕ್ಕೆ ಬಾರದು. ಅದರ ಬಾಲ ಧಮನಿಗೆ ಚಾಚಿಕೊಂಡರೆ ಮಿದುಳಿನ ಒಂದು ಭಾಗಕ್ಕೆ ರಕ್ತವೇ ನಿಲ್ಲಬಹುದು.

ಇಷ್ಟರಲ್ಲಿ ಇಟಲಿಯಲ್ಲಿ ಒಂದು ಎಡವಟ್ಟು ನಡೆದಿತ್ತು. ರೋಮ್‌ನ ನರಶಸ್ತ್ರವೈದ್ಯ ಗ್ವಿಡೊ ಗುಲ್ಯೆಲ್ಮಿ 1980ರ ದಶಕದ ಆರಂಭದಲ್ಲಿ ಮೊಲಗಳ ಧಮನಿಗಳಲ್ಲಿ ಕೃತಕ ಗುಳ್ಳೆಗಳನ್ನು ರಚಿಸಿ, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಮೂಲಕ ವಿದ್ಯುತ್ ಹರಿಸಿ ರಕ್ತ ಹೆಪ್ಪುಗಟ್ಟಿಸುವ ಪ್ರಯೋಗ ಮಾಡುತ್ತಿದ್ದ. ಒಮ್ಮೆ ನೋಡುತ್ತಾನೆ, ತಂತಿಯ ತುದಿ ಕಳಚಿ ಗುಳ್ಳೆಯೊಳಗೇ ಉಳಿದುಬಿಟ್ಟಿದೆ. ವಿದ್ಯುದ್ವಿಭಜನೆಯಿಂದ ಉಕ್ಕು ಕರಗಿಹೋಗಿತ್ತು. ತಾಮ್ರದ ವೋಲ್ಟಾಮೀಟರ್ ಪ್ರಯೋಗದಲ್ಲಿ ಧನಾಗ್ರದ ಫಲಕ ಸವೆಯುವುದನ್ನು ನಮ್ಮ ವಿದ್ಯಾರ್ಥಿಗಳು ನೋಡಿಯೂ ನೋಡದಂತೆ ಇರುತ್ತಾರೆ. ಅವರ ಕಣ್ಣೆಲ್ಲ ತೂಕ ಹೆಚ್ಚುವ ಋಣಾಗ್ರದ ಮೇಲೆ. ಗುಲ್ಯೆಲ್ಮಿ ಈ ಸವೆತವನ್ನು ಮರೆಯಲಿಲ್ಲ.

1989ರಲ್ಲಿ ಆತ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಫರ್ನಾಂಡೊ ವಿನ್ಯುಯೆಲಾರ ತಂಡ ಸೇರಿದ. ಎಂಜಿನಿಯರ್ ಇವಾನ್ ಸೆಪೆಟ್ಕಾ ಜೊತೆಗೂಡಿದರು. ಪ್ಲಾಟಿನಂ ಸುರುಳಿಯನ್ನು ಉಕ್ಕಿನ ತಂತಿಯ ತುದಿಗೆ ಬೆಸೆದರು. ತೊಡೆಸಂದಿನ ಧಮನಿಯಿಂದ ಹೊರಟ ಸಪೂರ ನಳಿಕೆಯ ಮೂಲಕ ಸುರುಳಿ ಗುಳ್ಳೆಯನ್ನು ಸೇರುತ್ತದೆ. ಎಕ್ಸ್-ಕಿರಣದ ಪರದೆಯಲ್ಲಿ ನೋಡಿ, ಸರಿಯಾಗಿ ಕೂರದಿದ್ದರೆ ಹಿಂದಕ್ಕೆ ಎಳೆದುಕೊಂಡು ಮತ್ತೆ ಕೂರಿಸಬಹುದು. ಸಮಾಧಾನವಾದ ಮೇಲೆ ಮಾತ್ರ ವಿದ್ಯುತ್ ಹರಿಸುವುದು. ಪ್ಲಾಟಿನಂ ಧನಾಗ್ರವಾದರೂ ಕರಗದು. ಬೆಸುಗೆಯ ಪಕ್ಕದ ಉಕ್ಕು ಕರಗಿ ಸುರುಳಿ ಬಿಡುಗಡೆಯಾಗುತ್ತದೆ.

ಇದಕ್ಕೆ ಬೇಕಾದ ವಿದ್ಯುತ್ ಎಷ್ಟು? ನೀವೇ ಲೆಕ್ಕ ಹಾಕಿ. 1 ಮಿಲಿ ಆಂಪೇರ್ ವಿದ್ಯುತ್ 5 ನಿಮಿಷ ಹರಿದರೆ 0.3 ಕೂಲಂಬ್. ಉಕ್ಕನ್ನು ಬರೀ ಕಬ್ಬಿಣವೆಂದೂ ವಿದ್ಯುತ್ತೆಲ್ಲ ಅದನ್ನು ಕರಗಿಸಲೆಂದೇ ಖರ್ಚಾಯಿತೆಂದೂ ಭಾವಿಸೋಣ. 56 ಗ್ರಾಂ ಕಬ್ಬಿಣ ಕರಗಲು ಸುಮಾರು 1,93,000 ಕೂಲಂಬ್ ಬೇಕು. ಹಾಗಾದರೆ ಕರಗುವುದು ಸುಮಾರು 0.087 ಮಿಲಿಗ್ರಾಂ. 0.1 ಮಿ.ಮೀ. ವ್ಯಾಸದ ತಂತಿಯಲ್ಲಿ ಇದು ಸುಮಾರು 1.4 ಮಿ.ಮೀ. ಉದ್ದಕ್ಕೆ ಸಮ. ತಂತಿ ತುಂಡಾಗಲು ಧಾರಾಳವಾಗಿ ಸಾಕು. ಫ್ಯಾರಡೆಯ ನಿಯಮಗಳನ್ನು ಪಾಠ ಮಾಡುವ ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲಿ ಕೊಟ್ಟುನೋಡಿ.

ಹಂದಿಗಳ ಮೇಲಿನ ಪ್ರಯೋಗಗಳ ಬಳಿಕ 1990ರಲ್ಲಿ ರೋಗಿಗಳಿಗೆ ಈ ಚಿಕಿತ್ಸೆ ಆರಂಭವಾಯಿತು. 1991ರಲ್ಲಿ ಪ್ರಕಟವಾದ ಎರಡು ಲೇಖನಗಳಲ್ಲಿ ಎರಡನೆಯದು ಮೊದಲ 15 ರೋಗಿಗಳ ವಿವರ ಕೊಟ್ಟಿತು. ಎರಡರ ಶೀರ್ಷಿಕೆಯಲ್ಲೂ ಇದ್ದುದು ವಿದ್ಯುತ್ತಿನಿಂದ ರಕ್ತ ಹೆಪ್ಪುಗಟ್ಟಿಸುವ ಮಾತೇ. ಆದರೆ ಆ ಹಳೆಯ ಎಣಿಕೆಯ ಪಾತ್ರ ತೀರ ಸಣ್ಣದೆಂಬುದು ಕ್ರಮೇಣ ತಿಳಿಯಿತು. ಸುರುಳಿಗಳು ಒತ್ತಾಗಿ ತುಂಬಿ ಹರಿವನ್ನು ನಿಧಾನಗೊಳಿಸುವುದರಿಂದಲೇ ರಕ್ತ ಹೆಪ್ಪುಗಟ್ಟುತ್ತದೆ. ವಿದ್ಯುತ್ತಿನ ನಿಜವಾದ ಕೆಲಸ ಕಳಚುವುದಷ್ಟೇ ಆಯಿತು. ಅಡ್ಡಪರಿಣಾಮವೇ ಮುಖ್ಯ ಪರಿಣಾಮವಾದ ಇಂಥ ಉದಾಹರಣೆ ನನಗೆ ಬಹಳ ಇಷ್ಟ.

1995ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. ಆದರೂ ಅರ್ಧ ಶತಮಾನ ಪಳಗಿದ ಕ್ಲಿಪ್ಪನ್ನು ಬಿಟ್ಟು ಸುರುಳಿಯನ್ನು ನಂಬುವುದು ಹೇಗೆ? ಬ್ರಿಟನ್ನಿನ ಆಂಡ್ರ್ಯೂ ಮಾಲಿನ್ಯೂ, ರಿಚರ್ಡ್ ಕೆರ್ ಮುಂದಾಳುತನದಲ್ಲಿ ಗುಳ್ಳೆ ಒಡೆದಿದ್ದ 2143 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ಹೋಲಿಸಲಾಯಿತು. 2002ರಲ್ಲಿ ಫಲಿತಾಂಶ ಹೊರಬಂತು. ಒಂದು ವರ್ಷದ ಬಳಿಕ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಗುಂಪಿನಲ್ಲಿ ಶೇ. 30.6, ಸುರುಳಿ ಗುಂಪಿನಲ್ಲಿ ಶೇ. 23.7. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ಮೊದಲೇ ನಿಲ್ಲಿಸಲಾಗಿತ್ತು. ಎರಡೂ ಚಿಕಿತ್ಸೆಗಳಿಗೆ ತಕ್ಕವರೆಂದು ಕಂಡವರನ್ನಷ್ಟೇ ಆರಿಸಿದ್ದರಿಂದ ಪರಿಶೀಲಿಸಿದ 9559 ಮಂದಿಯಲ್ಲಿ ಹೆಚ್ಚಿನವರು ಹೊರಗುಳಿದಿದ್ದರು. ಆದ್ದರಿಂದ ಈ ಅಂಕಿಗಳನ್ನು ಎಲ್ಲ ಗುಳ್ಳೆಗಳಿಗೂ ಅನ್ವಯಿಸುವಂತಿಲ್ಲ. ಸುರುಳಿ ಹಾಕಿದವರಲ್ಲಿ ಮತ್ತೆ ರಕ್ತಸ್ರಾವವಾಗುವುದೂ ತುಸು ಹೆಚ್ಚೇ ಇತ್ತು.

ಅದಕ್ಕೆ ಕಾರಣ ಸರಳ. ಎಷ್ಟೇ ಒತ್ತಾಗಿ ತುಂಬಿದರೂ ಪ್ಲಾಟಿನಂ ಗುಳ್ಳೆಯ ಗಾತ್ರದ ಸುಮಾರು ಕಾಲುಭಾಗವನ್ನಷ್ಟೇ ಆಕ್ರಮಿಸುತ್ತದೆ. ಉಳಿದದ್ದು ಹೆಪ್ಪುಗಟ್ಟಿದ ರಕ್ತ. ನಾಡಿಯ ಪ್ರತಿ ಬಡಿತವೂ ಸುರುಳಿಗಳನ್ನು ಒಳಕ್ಕೆ ಅದುಮುತ್ತದೆ. ವರ್ಷಗಳು ಕಳೆದಂತೆ ಅಗಲ ಕೊರಳಿನ ಗುಳ್ಳೆಗಳ ಬಾಯಿ ಮತ್ತೆ ತೆರೆದುಕೊಳ್ಳಬಹುದು. ಅಂಥವುಗಳಿಗಾಗಿ ಧಮನಿಯೊಳಗೇ ಹೆಣೆದ ಜಾಲರಿಯ ಕೊಳವೆ ಇರಿಸಿ ಹರಿವನ್ನು ಗುಳ್ಳೆಯಿಂದಾಚೆ ತಿರುಗಿಸುವ ಸಾಧನ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಶಾಖದಿಂದ, ಯಾಂತ್ರಿಕ ಕೊಂಡಿಯಿಂದ ಕಳಚುವ ಸುರುಳಿಗಳೂ ಈಗ ಇವೆ. ವಿದ್ಯುದ್ವಿಭಜನೆಯಿಂದ ಕಳಚುವ ಸುರುಳಿಗಳು ಇಂದಿಗೂ ಬಳಕೆಯಲ್ಲಿವೆ.