ಕಬ್ಬಿಣದ ನಾಡು, ಬಣ್ಣಗೆಟ್ಟ ನೆತ್ತರು

ರಕ್ತ ಪರೀಕ್ಷೆಯ ವರದಿ ಕೈಗೆ ಬಂದಾಗ ಎಲ್ಲರೂ ಮೊದಲು ನೋಡುವುದು ಹೀಮೋಗ್ಲೋಬಿನ್ ಅಂಕಿಯನ್ನು. ಅದರ ಕೆಳಗೆ ಎಂಸಿಎಚ್ ಎಂಬ ಇನ್ನೊಂದು ಸಾಲಿರುತ್ತದೆ. ಸಾಮಾನ್ಯವಾಗಿ 27ರಿಂದ 32ರ ನಡುವೆ ಇರಬೇಕಾದ ಈ ಅಂಕಿ ಕೆಲವರಲ್ಲಿ 24ಕ್ಕೋ 20ಕ್ಕೋ ಇಳಿದಿರುತ್ತದೆ. ‘ರಕ್ತ ಕಡಿಮೆ ಐತಿ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಆದರೆ ಆ ಸಾಲು ಹೇಳುವುದು ಅಷ್ಟನ್ನೇ ಅಲ್ಲ.

ಒಂದು ಕೆಂಪು ರಕ್ತಕಣದಲ್ಲಿ ಸರಾಸರಿ ಎಷ್ಟು ಹೀಮೋಗ್ಲೋಬಿನ್ ಇದೆ ಎಂಬ ಲೆಕ್ಕವೇ ಎಂಸಿಎಚ್. ಇದರ ಅಳತೆ ಪಿಕೋಗ್ರಾಂ; ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಸಂತೆಗೆ ಎಷ್ಟು ಚಕ್ಕಡಿ ಬಂದವು ಎಂಬುದು ಒಂದು ಲೆಕ್ಕ, ಒಂದೊಂದು ಚಕ್ಕಡಿಯಲ್ಲಿ ಎಷ್ಟು ಚೀಲ ಇದ್ದವು ಎಂಬುದು ಇನ್ನೊಂದು. ಎಂಸಿಎಚ್ ಎರಡನೆಯ ಬಗೆಯದು.

ಮೈ ಬಿಳಿಚಿಕೊಳ್ಳುವ ಈ ಕಾಯಿಲೆ ಹಳೆಯದು. ಚರಕ ಸಂಹಿತೆ ಇದನ್ನು ಪಾಂಡುರೋಗವೆಂದು ವಿವರಿಸಿ, ಲೋಹದ ಪುಡಿ ಸೇರಿದ ಔಷಧಗಳನ್ನು ಹೇಳುತ್ತದೆ. ರಕ್ತದಲ್ಲಿ ಕಬ್ಬಿಣವಿದೆ ಎಂಬುದನ್ನು ಇಟಲಿಯ ಮೆಂಘಿನಿ 1740ರ ದಶಕದಲ್ಲಿ ಅಯಸ್ಕಾಂತದಿಂದ ತೋರಿಸಿದ. ರಕ್ತವನ್ನು ಸುಟ್ಟ ಬೂದಿಯ ಕಣಗಳು ಅಯಸ್ಕಾಂತಕ್ಕೆ ಅಂಟಿಕೊಂಡಿದ್ದವು. 1832ರಲ್ಲಿ ಫ್ರಾನ್ಸಿನ ವೈದ್ಯ ಬ್ಲೋ ಕಬ್ಬಿಣದ ಗುಳಿಗೆಗಳನ್ನು ಬಳಕೆಗೆ ತಂದ.

ಆದರೂ ಕಬ್ಬಿಣದಿಂದ ಎಲ್ಲರೂ ಗುಣವಾಗುತ್ತಿರಲಿಲ್ಲ. ರಕ್ತಹೀನತೆಯ ಬಗೆಗಳನ್ನು ಬೇರ್ಪಡಿಸಲು ಅಳತೆ ಬೇಕಾಗಿತ್ತು. ಅಮೆರಿಕದ ಯುವ ವೈದ್ಯ ಮ್ಯಾಕ್ಸ್‌ವೆಲ್ ವಿಂಟ್ರೋಬ್ 1929ರ ಹೊತ್ತಿಗೆ ಈ ಲೆಕ್ಕಗಳನ್ನು ರೂಪಿಸಿದರು. ಅದೇ ಕಾಲದಲ್ಲಿ, 1928ರಲ್ಲಿ, ಮುಂಬೈಗೆ ಬಂದ ಲೂಸಿ ವಿಲ್ಸ್ ಬಡ ಗರ್ಭಿಣಿಯರಲ್ಲಿ ರಕ್ತಕಣಗಳು ದೊಡ್ಡದಾಗುವ ಬೇರೆಯೇ ರಕ್ತಹೀನತೆಯನ್ನು ಕಂಡರು. ಅದಕ್ಕೆ ಯೀಸ್ಟಿನ ಸಾರ ಮದ್ದಾಯಿತು; ಮುಂದೆ ಅದರೊಳಗಿನ ಫೋಲಿಕ್ ಆಮ್ಲ ಪತ್ತೆಯಾಯಿತು. ಸರ್ಕಾರ 1970ರಿಂದ ಹಂಚುತ್ತ ಬಂದಿರುವ ಮಾತ್ರೆಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಎರಡೂ ಇರುವುದಕ್ಕೆ ಹಿನ್ನೆಲೆ ಇದು.

ಕೊಪ್ಪಳ ಜಿಲ್ಲೆಯಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಶಿಲಾಗೋರಿಗಳು ಕಬ್ಬಿಣಯುಗದವು. ಗಿಣಿಗೇರಿ ಸುತ್ತ ಇಂದು ಕಬ್ಬಿಣದ ಕಾರ್ಖಾನೆಗಳಿವೆ. ನೆತ್ತರಿನ ಮಾತು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾದ ಒಣನೆಲ ಸಜ್ಜೆ, ಜೋಳಗಳನ್ನೇ ನಂಬಿಕೊಂಡಿತು. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಹಾಗೆಂದು ರೊಟ್ಟಿಯೊಂದೇ ಮದ್ದಲ್ಲ. ಧಾನ್ಯದ ಕಬ್ಬಿಣದಲ್ಲಿ ಮೈಗೂಡುವುದು ಸ್ವಲ್ಪವೇ. ಊಟದ ಜೊತೆ ಚಹಾ ಕುಡಿದರೆ ಅದೂ ತಗ್ಗುತ್ತದೆ. ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚುತ್ತದೆ. ಮುಟ್ಟಿನ ಅತಿಸ್ರಾವ, ಮೇಲಿಂದ ಮೇಲೆ ಹೆರಿಗೆ, ಬರಿಗಾಲಲ್ಲಿ ನಡೆವಾಗ ಒಳಸೇರುವ ಕೊಕ್ಕೆಹುಳು ಇವೂ ಕಬ್ಬಿಣವನ್ನು ಖಾಲಿ ಮಾಡುತ್ತವೆ.

ಎಂಸಿಎಚ್ ಇಳಿದ ಮಾತ್ರಕ್ಕೆ ಕಬ್ಬಿಣದ ಕೊರತೆಯೇ ಎಂದು ಹೇಳಲಾಗದು. ಹೀಮೋಗ್ಲೋಬಿನ್ 9.6, ಕೆಂಪುಕಣ 40 ಲಕ್ಷವಿದ್ದರೆ ಎಂಸಿಎಚ್ 24. ಇದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಹೀಮೋಗ್ಲೋಬಿನ್ 11 ಇದ್ದು ಕಣಗಳು 55 ಲಕ್ಷವಿದ್ದರೆ ಎಂಸಿಎಚ್ 20. ಚಕ್ಕಡಿಗಳು ಬೇಕಾದಷ್ಟಿವೆ, ಹೇರು ಮಾತ್ರ ಕಡಿಮೆ. ಆಗ ಹುಟ್ಟಿನಿಂದಲೇ ಬರುವ ಥಲಸ್ಸೀಮಿಯಾ ಮೈನರ್ ಎಂಬ ಸಂಶಯಕ್ಕೆ ಎಡೆಯುಂಟು. ಇಂಥವರಿಗೆ ಹೆಚ್ಚಿನ ತೊಂದರೆಯಿರದು. ಕಬ್ಬಿಣದ ಕೊರತೆಯೂ ಜೊತೆಗಿಲ್ಲದಿದ್ದರೆ ಮಾತ್ರೆಯಿಂದ ಪ್ರಯೋಜನವಿಲ್ಲ. ಆದರೆ ಗಂಡ ಹೆಂಡಿರಿಬ್ಬರಲ್ಲೂ ಇದೇ ದೋಷವಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಜೀವನವಿಡೀ ರಕ್ತ ಕೊಡಿಸಬೇಕಾದ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ಸೋದರ ಸಂಬಂಧದಲ್ಲಿ ಹೆಣ್ಣು ತರುವ ರೂಢಿಯಿರುವ ಕಡೆ ಈ ಅಪಾಯ ಹೆಚ್ಚು. ಫೆರಿಟಿನ್ ಮತ್ತು ಹೀಮೋಗ್ಲೋಬಿನ್ ಎ2 ಪರೀಕ್ಷೆಗಳು ಎರಡನ್ನೂ ಬೇರ್ಪಡಿಸುತ್ತವೆ.

ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಕಬ್ಬಿಣದ ಕೊರತೆಯಿದ್ದವರಲ್ಲಿ ಈ ಅಂಕಿ ವಾರದೊಳಗೆ ಏರದು. ಸುಸ್ತು ಕಳೆಯಿತೆಂದು ಮಾತ್ರೆ ನಿಲ್ಲಿಸಬಾರದು; ಹೀಮೋಗ್ಲೋಬಿನ್ ಸರಿಹೋದ ಮೇಲೂ ವೈದ್ಯರು ಮೂರು ತಿಂಗಳು ಮುಂದುವರಿಸಲು ಹೇಳುವುದು ಬರಿದಾದ ಕಣಜ ತುಂಬಲೆಂದು. ಮನೆಯ ಹೆಣ್ಣುಮಕ್ಕಳ ವರದಿಯಲ್ಲಿ ಈ ಸಾಲನ್ನು ಮದುವೆಗೆ, ಬಸಿರಿಗೆ ಮುಂಚೆಯೇ ವೈದ್ಯರಿಂದ ಓದಿಸುವುದು ಒಳಿತು.