ಲಂಡನ್ನನ್ನು ಬೆಚ್ಚಿಬೀಳಿಸಿದ ಬಾಲಿಗಂಜಿನ ಜಾದೂಗಾರ

ಬಾಳೆಲೆಗೂ ಕಾಫಿಪುಡಿಗೂ ನಾನು ಹೋಗುವುದು ಕೋಲ್ಕತ್ತದ ಲೇಕ್ ಮಾರ್ಕೆಟ್‌ಗೆ. ದಕ್ಷಿಣದಿಂದ ಬಂದ ನಮ್ಮಂಥವರು ತಲೆಮಾರುಗಳಿಂದ ನೆಲೆಸಿರುವ ಕೇರಿ ಇದು. ಎದುರಿನ ರಾಸ್‌ಬಿಹಾರಿ ಅವೆನ್ಯೂ ಹಿಡಿದು ಪೂರ್ವಕ್ಕೆ ನಡೆದರೆ ದೇಶಪ್ರಿಯ ಪಾರ್ಕ್, ಗಡಿಯಾಹಾಟ್, ಆಮೇಲೆ ಬಾಲಿಗಂಜ್. ಪಿ.ಸಿ. ಸರ್ಕಾರ್ ಅವರ ಮನೆ ಅಲ್ಲಿ. ಈ ಊರಿನ ದೊಡ್ಡವರ ಪಟ್ಟಿ ಹೇಳುವಾಗ ಕವಿಗಳೂ ಚಿತ್ರ ನಿರ್ದೇಶಕರೂ ಬರುತ್ತಾರೆ, ಸರ್ಕಾರ್ ಬರುವುದಿಲ್ಲ. ನನಗದು ಅನ್ಯಾಯವೆನಿಸುತ್ತದೆ.

1913ರಲ್ಲಿ ಇಂದಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಹುಟ್ಟಿದವರು. ಗುರು ಗಣಪತಿ ಚಕ್ರವರ್ತಿ. ಮಹಾರಾಜನ ಪೇಟ, ಝಗಮಗಿಸುವ ಅಂಗಿ ತೊಟ್ಟು, ‘ಇಂದ್ರಜಾಲ’ ಎಂಬ ತಮ್ಮ ಪ್ರದರ್ಶನವನ್ನು ದೇಶದೇಶಗಳಿಗೆ ಕೊಂಡೊಯ್ದರು.

1956ರ ಏಪ್ರಿಲ್ 9ರ ರಾತ್ರಿ ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದಲ್ಲಿ ಅವರ ಸರದಿ. ಆಗೆಲ್ಲ ನೇರ ಪ್ರಸಾರ. ಹದಿನೇಳರ ಹುಡುಗಿ ದೀಪ್ತಿ ಡೇಯನ್ನು ಮೇಜಿನ ಮೇಲೆ ಮಲಗಿಸಿದರು. ತಿರುಗುವ ಗರಗಸ ಆಕೆಯ ನಡುವಿನಲ್ಲಿ ಹಾದುಹೋಯಿತು. ಆಮೇಲೆ ಎಬ್ಬಿಸಲು ನೋಡಿದರು, ಕೈ ಉಜ್ಜಿದರು. ಹುಡುಗಿ ಕದಲಲಿಲ್ಲ. ಸರ್ಕಾರ್ ತಲೆಯಾಡಿಸಿ ಅವಳ ಮುಖಕ್ಕೆ ಬಟ್ಟೆ ಮುಚ್ಚಿದರು. ಅಷ್ಟರಲ್ಲಿ ನಿರೂಪಕ ರಿಚರ್ಡ್ ಡಿಂಬಲ್ಬಿ ಕ್ಯಾಮೆರಾದ ಮುಂದೆ ಬಂದು ಕಾರ್ಯಕ್ರಮ ಮುಗಿಯಿತೆಂದು ಹೇಳಿಬಿಟ್ಟರು!

ಕೊಲೆಯನ್ನೇ ಕಂಡೆವೆಂದು ನಡುಗಿದ ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು. ಹುಡುಗಿ ಕ್ಷೇಮವಾಗಿದ್ದಾಳೆಂದು ಸಂಸ್ಥೆಯೇ ಸಮಾಧಾನ ಹೇಳಬೇಕಾಯಿತು. ಮರುದಿನ ಪತ್ರಿಕೆಗಳ ತುಂಬ ಅದೇ ಸುದ್ದಿ. ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ಅವರ ಪ್ರದರ್ಶನಕ್ಕೆ ಟಿಕೆಟ್ಟುಗಳೆಲ್ಲ ಖರ್ಚಾದವು.

ಸಮಯ ಮೀರಿತು, ಅದಕ್ಕೇ ಹಾಗಾಯಿತು ಎಂಬ ವಿವರಣೆ ಬಂತು. ನಾನದನ್ನು ನಂಬುವುದಿಲ್ಲ. ಕ್ಷಣದ ಲೆಕ್ಕ ತಪ್ಪಿದರೆ ರಂಗದ ಮೇಲೆ ಯಾವ ಯಕ್ಷಿಣಿಯೂ ನಿಲ್ಲದು. ಅದನ್ನೇ ಬಾಳಾಗಿಸಿಕೊಂಡವರು ಆ ರಾತ್ರಿ ಮಾತ್ರ ಗಡಿಯಾರ ಮರೆತರೇ? ಹೆಂಗಸನ್ನು ಗರಗಸದಿಂದ ಕೊಯ್ಯುವ ಆಟ ಲಂಡನ್ನಿಗೆ ಹಳತು, ಪಿ.ಟಿ. ಸೆಲ್ಬಿಟ್ 1921ರಲ್ಲೇ ಅಲ್ಲಿ ಆಡಿ ತೋರಿಸಿದ್ದರು. ಸರ್ಕಾರ್ ತಂದ ಹೊಸತು ಒಂದೇ: ಹುಡುಗಿ ಎದ್ದು ನಗುವ ಕೊನೆಯನ್ನು ಪ್ರೇಕ್ಷಕರಿಗೆ ಕೊಡದೇ ಹೋದದ್ದು. ಟಿವಿಯ ಮುಂದಿರುವವರು ಪರದೆಯ ಬಳಿಗೆ ಹೋಗಿ ಇಣುಕಲಾರರು ಎಂಬುದನ್ನು ಅವರು ಆಗಲೇ ಅರಿತಿದ್ದರು. ಅದು ಪ್ರತಿಭೆ.

ಆ ಹೊತ್ತಿಗೆ ಭಾರತದಲ್ಲಿ ದೂರದರ್ಶನವೇ ಇರಲಿಲ್ಲ. ದೆಹಲಿಯಲ್ಲಿ ಪ್ರಯೋಗ ಶುರುವಾದದ್ದು 1959ರಲ್ಲಿ. ಕೋಲ್ಕತ್ತಕ್ಕೆ ಅದು ಬಂದದ್ದು 1975ರ ಆಗಸ್ಟ್ 9ರಂದು. ಸರ್ಕಾರ್ 1971ರ ಜನವರಿ 6ರಂದೇ ಜಪಾನಿನಲ್ಲಿ, ಪ್ರವಾಸದ ನಡುವೆ ತೀರಿಕೊಂಡಿದ್ದರು. ಹಾಗಾಗಿ ಬ್ರಿಟನ್ನು ಮನೆಯಲ್ಲಿ ಕೂತು ಕಂಡ ಸರ್ಕಾರರನ್ನು ಅವರ ಊರಿನವರು ಕಂಡದ್ದು ರಂಗಮಂದಿರದಲ್ಲಿ ಮಾತ್ರ. ಮುಂದೆ ಮಗ ಪ್ರದೀಪ್, ಪಿ.ಸಿ. ಸರ್ಕಾರ್ ಜೂನಿಯರ್ ಎಂಬ ಹೆಸರಲ್ಲಿ ಅದೇ ಕಸುಬು ಹಿಡಿದರು. 2010ರಲ್ಲಿ ತಂದೆಯ ನೆನಪಿಗೆ ಅಂಚೆಚೀಟಿ ಬಂತು.

ನಿಮ್ಮೂರಿಗೆ ಯಕ್ಷಿಣಿಯವರು ಬಂದರೆ ದಯವಿಟ್ಟು ಮಕ್ಕಳನ್ನು ಕರೆದೊಯ್ಯಿರಿ. ಮುಂದಿನ ಸಾಲಿನಲ್ಲೇ ಕೂರಿಸಿ, ಟಿಕೆಟ್ ಕೊಂಡೇ ನೋಡಿ.